ಉಪಕುಟುಂಬ

ಮಾರ್ಚಿಯಲ್ಲಿ ಸುದ್ದಿ ಬಂತು:
ಸಿಲ್ಫಿಡೇ ಇನ್ನು ಕುಟುಂಬವಲ್ಲ.
ವಂಶವಾಹಿ ಓದಿದವರು ಲೆಕ್ಕ ಹಾಕಿ
ಇಡೀ ಮನೆಯನ್ನೆತ್ತಿ ಪಕ್ಕದ ದೊಡ್ಡಮನೆಯ
ಒಂದು ಕೋಣೆಗೆ ಸೇರಿಸಿದ್ದಾರೆ.
ಅರವತ್ತು ಸಾವಿರಕ್ಕೂ ಮಿಕ್ಕಿದ ಪ್ರಭೇದಗಳ ಸ್ಟಾಫಿಲಿನಿಡೇ,
ಅದರೊಳಗೆ ಇವರೊಂದು ಉಪಕುಟುಂಬ.

ತಾರ್ತುವಿನ ಮ್ಯೂಸಿಯಮ್ಮಿನಲ್ಲಿ ಲೇಬಲ್ ಬರೆಯುವವನು ನಾನು.
ಸೂಜಿಯ ಕೆಳಗಿನ ಚೀಟಿ ಹಾಗೇ ಇರುತ್ತದೆ,
ಪೆಟ್ಟಿಗೆಯ ಹಣೆಬರಹವಷ್ಟೇ ತಿದ್ದಬೇಕು.
ನಲವತ್ತೊಂದು ಹಣೆ.

ವೈಕೆ ಕಾಸಿಕ್‌ಗೆ ಹೇಳುವವರಾರು?
ಎಂಬತ್ತೆರಡು ವಯಸ್ಸು. ನಿವೃತ್ತಿಯಾಗಿ ಹದಿನೇಳು ವರ್ಷ,
ಆದರೂ ಮಂಗಳವಾರ ತಪ್ಪದೆ ಬರುತ್ತಾಳೆ,
ಕೈಚೀಲದಲ್ಲಿ ಕಪ್ಪು ರೊಟ್ಟಿ, ಉಪ್ಪುಮೀನು,
ಕೆಲವೊಮ್ಮೆ, ಅದೇ ಚೀಲದಲ್ಲಿ,
ಕಾಗದ ಸುತ್ತಿದ ಸತ್ತ ಮೂಗಿಲಿ.

ನನಗೆ ಗುರುತು ಕಲಿಸಿದವಳು ಅವಳೇ.
"ಹಿಂಗಾಲಿನ ಕಣಕಾಲು ಡೊಂಕೋ, ವೆಸ್ಪಿಲ್ಲೊ.
ಕುಡಿಮೀಸೆಯ ಗದೆ ಪೂರ್ತಿ ಕಪ್ಪೋ, ವೆಸ್ಪಿಲ್ಲಾಯ್ಡಿಸ್.
ಗದೆ ಮಾತ್ರ ಕಿತ್ತಳೆ, ರೆಕ್ಕೆ ಪೂರಾ ಕಪ್ಪೋ, ಹ್ಯುಮೇಟರ್.
ನಾತ ಬಂದರೆ ಮೂಗು ಮುಚ್ಚಬೇಡ,
ಅದೂ ಒಂದು ಲಕ್ಷಣ."

ನನ್ನ ಮೊದಲ ಬೇಸಿಗೆ, ಪೆಯ್ಪ್ಸಿ ಸರೋವರದ ದಂಡೆಯ ಪೈನ್ ಕಾಡು.
ಮೂಗಿಲಿಯ ಹಿಂಗಾಲಿಗೆ ಕೆಂಪು ದಾರ ಕಟ್ಟಿ
ಪಾಚಿಯ ಮೇಲಿಟ್ಟು ಕಾದೆವು.
ಪೂರ್ತಿ ಕತ್ತಲಾಗಲು ಒಪ್ಪದ ರಾತ್ರಿ.
ಹನ್ನೊಂದಕ್ಕೆ ಗಂಡು ಬಂತು, ಆಮೇಲೆ ಹೆಣ್ಣು,
ಎದೆಯಡಿಯಲ್ಲಿ ನುಸಿಗಳ ಸವಾರಿ.
ಅಂಗಾತ ಮಲಗಿ ಹೆಣದಡಿ ನುಸುಳಿ
ಆರಾರು ಕಾಲಲ್ಲಿ ಎತ್ತಿ ತೂಗಿದರು.
ಒಪ್ಪಿಗೆಯಾಯಿತೇನೋ, ಮಣ್ಣು ಒದೆಯತೊಡಗಿದರು.
ದಾರ ಒಂದೊಂದೇ ಬೆರಳಗಲ ನೆಲದೊಳಗೆ ಹೋಯಿತು.
ವೈಕೆ ಟಾರ್ಚಿಗೆ ಕೈ ಅಡ್ಡ ಹಿಡಿದು ಬರೆದಳು:
ನಾಲ್ಕು ಬೆರಳು, ಎರಡೂಕಾಲು ಗಂಟೆ.

ಅಲ್ಲಿಂದಾಚೆಗಿನದನ್ನು ಗಾಜಿನ ತೊಟ್ಟಿಯಲ್ಲಿ ತೋರಿಸಿದಳು.
ಕೂದಲು ಕಿತ್ತು, ಮಾಂಸವನ್ನು ಮುದ್ದೆ ಕಟ್ಟಿ,
ಕೊಳೆಯದಂತೆ ಬಾಯಿಂದ, ಬುಡದಿಂದ ಲೇಪ ಹಚ್ಚಿ
ನೆತ್ತಿಯಲ್ಲೊಂದು ಗುಳಿ.
ತಾಯಿ ರೆಕ್ಕೆ ಉಜ್ಜಿ ಕಿರ್ರೆಂದರೆ
ಮೊಟ್ಟೆಯೊಡೆದ ಮರಿಗಳು ಮಣ್ಣಿನಿಂದ ತೆವಳಿ ಬಂದು
ಗುಳಿಯಲ್ಲಿ ಕೂತು ತಲೆಯೆತ್ತುತ್ತವೆ.
ಬಾಯಿಗೆ ಬಾಯಿಟ್ಟು ತುತ್ತು. ತಂದೆಯೂ ಕೊಡುತ್ತಾನೆ.
ಮುದ್ದೆಗಿಂತ ಬಾಯಿ ಹೆಚ್ಚಾದ ದಿನ
ಮಿಕ್ಕ ಮರಿಗಳನ್ನು ಅವರೇ ತಿನ್ನುತ್ತಾರೆ.
ನಾನು ಮುಖ ತಿರುಗಿಸಿದೆ.
"ಒಟ್, ಎಷ್ಟು ಉಳಿದವು? ಅದನ್ನು ಬರಿ."

ಈ ಮಂಗಳವಾರ ಹೇಳಿಬಿಟ್ಟೆ.
ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಬಿಡಿಸುತ್ತಲೇ ಇದ್ದಳು.
"ಅಪ್ಪ ಬೀರ್ಕನ್‌ಫೆಲ್ಟ್ ಆಗಿದ್ದ," ಅಂದಳು ಎಷ್ಟೋ ಹೊತ್ತಿಗೆ,
"ಜರ್ಮನ್ ಧಣಿ ಅವನ ಮುತ್ತಜ್ಜನಿಗೆ ಅಂಟಿಸಿದ ಹೆಸರು.
ಮೂವತ್ತಾರರಲ್ಲಿ ಊರಿಗೂರೇ ಹೆಸರು ಬದಲಿಸುವಾಗ
ಕಚೇರಿಗೆ ಹೋಗಿ ಕಾಸಿಕ್ ಆಗಿ ಬಂದ.
ಸಂಜೆ ಹಾಲು ಕರೆಯಲು ಕೂತರೆ
ಹಸು ಎಂದಿನಂತೆ ಎಡಗಾಲಲ್ಲೇ ಒದೆಯಿತಂತೆ."

ಕೈ ಒರೆಸಿಕೊಂಡು ಒಂದು ಹ್ಯುಮೇಟರನ್ನು ಬೆಳಕಿಗೆ ಹಿಡಿದಳು:
"ರೆಕ್ಕೆ ನೋಡು, ಮೋಟು. ಹಿಂಭಾಗದ ತುದಿ ಹೊರಗೇ.
ತಮ್ಮನ ಅಂಗಿ ತೊಟ್ಟ ಅಣ್ಣನ ಹಾಗೆ.
ಆ ದೊಡ್ಡಮನೆಯವರ ಅಂಗಿಯೂ ಹೀಗೇ.
ನಲವತ್ತು ವರ್ಷ ನೋಡಿದೆ. ಕಂಡೂ ಬರೆಯಲಿಲ್ಲ."
ಕೊನೆಯ ಮಾತಿಗೆ ದನಿ ಕಟ್ಟಿತು,
ಅಥವಾ ಮುಳ್ಳು ಸಿಕ್ಕಿತ್ತು.

ಅವಳು ಹೋದ ಮೇಲೆ ಪೆಟ್ಟಿಗೆ ಇಳಿಸಿದೆ.
ಹದಿನಾಲ್ಕು ತಿದ್ದಿದೆ.
ಹದಿನೈದನೆಯದರಲ್ಲಿ, ಸಾಲಿನ ಕೊನೆಗೆ,
ಜೀರುಂಡೆಯಿಲ್ಲದ ಒಂದು ಸೂಜಿ.
ಅದಕ್ಕೆ ಸುತ್ತಿದ ದಾರ, ಒಂದು ಕಾಲಕ್ಕೆ ಕೆಂಪು.
ಕೆಳಗೆ, ನನ್ನ ಅಕ್ಷರಕ್ಕಿಂತ ಚಿಕ್ಕ ಅಕ್ಷರದಲ್ಲಿ:
ಜುಲೈ ೧೯೭೧. ಹದಿಮೂರು ಮರಿ.
ಇಬ್ಬರೂ ಕೊನೆತನಕ ಇದ್ದರು.

ಇದನ್ನು ಯಾವ ಮನೆಗೆ ಸೇರಿಸಲಿ?
ಮಂಗಳವಾರ ಕೇಳಬೇಕು.