ಖಾಲಿ ಲಾರಿಯ ತೂಕ

ಮೆಕ್ಕೆಜೋಳದ ಲಾರಿ ಮೊದಲು ತುಂಬಿಕೊಂಡು ಬರುತ್ತದೆ,
ಆಮೇಲೆ ಖಾಲಿ. ಎರಡನ್ನೂ ಬರೆದು
ಕಳೆದರೆ ಉಳಿಯುವುದು ಮಾಲು.
ದಾವಣಗೆರೆ ಮಾರ್ಕೆಟ್ ಯಾರ್ಡಿನ ವೇಬ್ರಿಜ್ಜಿನಲ್ಲಿ
ಇಪ್ಪತ್ತಾರು ವರ್ಷ ಇದೇ ಲೆಕ್ಕ ನನ್ನದು.
ಡ್ರೈವರ್ ಕ್ಯಾಬಿನ್ನಿನಲ್ಲೇ ಕೂತಿದ್ದರೆ ಇಳಿಸುತ್ತೇನೆ,
ಸ್ಟೆಪ್ನಿಯ ಹಿಂದೆ ಬಚ್ಚಿಟ್ಟ ಕಲ್ಲು ಹುಡುಕುತ್ತೇನೆ,
ಕಿಟಕಿಯೊಳಗೆ ಬರುವ ಮಡಚಿದ ನೋಟನ್ನು
ಮಡಚಿದ ಹಾಗೇ ವಾಪಸು ಕೊಡುತ್ತೇನೆ.
"ಪೀರಸಾಬ ಬ್ಯಾರೇನೆ ಬಿಡಪಾ" ಅನ್ನುತ್ತಾರೆ ಹಮಾಲರು,
ಅರ್ಧ ಹೊಗಳಿಕೆ, ಅರ್ಧ ಬೈಗುಳ.

ಬ್ಯಾರೆ ಆದದ್ದು ಹೇಗೆಂದು ನನಗೆ ಗೊತ್ತಿತ್ತು.
ಏಳು ವರ್ಷ ಆಗ. ಪಂಚಮಿಯ ಹಿಂದಿನ ದಿನ,
ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಮುಖ ಕಾಣದ ಹೊತ್ತು.
ಅವ್ವನ ವಾರದ ಕೂಲಿಯಲ್ಲಿ ಮಾಲಿಕ ಕೊಟ್ರೇಶಪ್ಪ
ಐದರ ನೋಟೊಂದನ್ನು ಹೆಚ್ಚಿಗೆ ಕೊಟ್ಟಿದ್ದ.
ನಾನು ಓಡಿದ್ದೆ. ಬರಿಗಾಲು. ಅಂಗಾಲಡಿ ಒಲೆಯಿಂದ ಚೆಲ್ಲಿದ ಬಿಸಿ ಮರಳು.
ಕಣ್ಣಿಗೆ ಭತ್ತದ ಹೊಟ್ಟು ಬಿದ್ದಿತ್ತು, ಎಡಗಣ್ಣಿಗೆ.
"ತಗಳ್ರಿ, ಹೆಚ್ಚಿಗಿ ಬಂದೈತಿ" ಅಂದಿದ್ದೆ.
ಒಂದು ಸೇರು ಮಂಡಕ್ಕಿ ಸುರಿದಿದ್ದ ಅಂಗಿಯ ತುದಿಗೆ.

ಅವ್ವ ಹೊನ್ನೂರಬಿ ಈ ಕತೆಯನ್ನು
ನಲ್ಲಿಯ ಹತ್ತಿರ, ಮದುವೆಗಳಲ್ಲಿ, ರೇಷನ್ ಸಾಲಿನಲ್ಲಿ
ಎಷ್ಟು ಸಲ ಹೇಳಿದಳೋ,
ಪ್ರತಿ ಸಲವೂ ನಾನು ಅರ್ಧ ಇಂಚು ಬೆಳೆದೆ.

ಮೊನ್ನೆ ಸೋಮವಾರ ಡಯಾಲಿಸಿಸ್ ಹಾಸಿಗೆಯ ಮೇಲೆ
ಅಣ್ಣ ಖಾದರಲಿಂಗ,
ಚಾ ಆತೇನು ಅಂತ ಕೇಳುವ ದನಿಯಲ್ಲೇ ಹೇಳಿದ:
"ಲೇ ಪೀರ್ಯಾ, ಅವತ್ತು ಓಡಿದ್ದು ನಾನು.
ನೀ ಆ ನೋಟು ಚಡ್ಡಿ ಜೇಬಿನಾಗ ಇಟ್ಗಂಡು
ಪೆಪ್ಪರಮೆಂಟ್ ಅಂಗಡಿ ಮುಂದ ನಿಂತಿದ್ದಿ.
ಕಸ್ಗಂಡು ಓಡಿದೆ. ಬರೋವತ್ತಿಗೆ ಅವ್ವ
ಸೆರಗು ಉಂಡಿ ಮಾಡಿ ನಿನ್ನ ಕಣ್ಣಿಗೆ ಉಫ್ ಅಂತಿದ್ಳು.
ನನ್ನ ಅಂಗ್ಯಾಗ ಮಂಡಕ್ಕಿ. ಎಲ್ಲಿ ಕದ್ದೀ ಅಂತ
ಬೆನ್ನಿಗೆ ಎರಡು ಕೊಟ್ಲು."

ಮರುದಿನ ಕೊಟ್ರೇಶಪ್ಪ "ನಿನ ಮಗ ಒಳ್ಳೇವ" ಅಂದನಂತೆ.
ಯಾವ ಮಗ ಅಂತ ಅವ್ವ ಕೇಳಲಿಲ್ಲ.

"ಆಗಲೇ ಹೇಳಬಾರದಾಗಿತ್ತೇನು?"
"ಹೇಳಿದ್ರ ನಿನಗ ಬೀಳ್ತಿದ್ವು.
ನಿನಗ ಮೊದಲೇ ಕಣ್ಣಾಗ ಹೊಟ್ಟು ಬಿದ್ದಿತ್ತು."

ಮುಂದೆ ಖಾದರಲಿಂಗ ನಿಜಕ್ಕೂ ಕದ್ದ.
ಸೈಕಲ್ಲಿನ ಡೈನಮೋ, ಮಿಲ್ಲಿನ ನೂಲಿನ ಉಂಡೆ,
ಒಮ್ಮೆ ಯಾರದೋ ಹೊಸ ಚಪ್ಪಲಿ.
ಸ್ಟೇಷನ್ನಿಗೆ ಎರಡು ಸಲ ಹೋಗಿ ಬಿಡಿಸಿಕೊಂಡು ಬಂದೆ,
ಬರುವ ದಾರಿಯಲ್ಲಿ ಬುದ್ಧಿ ಹೇಳಿದೆ.
ಬುದ್ಧಿ ಹೇಳುವಾಗ
ಆ ಐದರ ನೋಟಿನ ಕತೆಯನ್ನೇ ಹೇಳಿದ್ದೆ.
ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ. ಹ್ಞೂಂ, ಹ್ಞೂಂ ಅಂದಿದ್ದ.

ಆ ರಾತ್ರಿ ಅಂಗಾಲು ಮುಟ್ಟಿ ನೋಡಿಕೊಂಡೆ.
ಬಿಸಿ ಮರಳು ಇನ್ನೂ ಸುಡುತ್ತದೆ, ಓಡದ ಕಾಲನ್ನು!
ಕಳೆಯುತ್ತ ಹೋದೆ: ಓಟ ನನ್ನದಲ್ಲ,
ಮಾತು ನನ್ನದಲ್ಲ, ಮಂಡಕ್ಕಿ ನನ್ನದಲ್ಲ.
ಹೊಟ್ಟು ಮಾತ್ರ ನನ್ನದು.
ಅವ್ವನ ಬಿಸಿ ಉಸಿರು, ಎಡಗಣ್ಣಿನ ಮೇಲೆ,
ಅದೂ ನನ್ನದೇ.

ಮಂಗಳವಾರ ಹರಿಹರದ ಕಡೆಯ ಲಾರಿ.
ಕಿಟಕಿಯೊಳಗೆ ನೋಟು ಬಂತು.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಬಿಡಿಸಿ ನೋಡಿದೆ.
ಐನೂರು. ಮಗಳ ಕಾಲೇಜಿನ ಬಸ್ ಪಾಸು ನೆನಪಾಯಿತು,
ಅಣ್ಣನ ಇಂಜೆಕ್ಷನ್ನು ನೆನಪಾಯಿತು.
ಯಾವ ಹುಡುಗನೂ ನನ್ನೊಳಗಿಂದ ಎದ್ದು ಓಡಲಿಲ್ಲ.
ಹಿಂದಿನ ಲಾರಿಯವನು ಹಾರ್ನ್ ಹೊಡೆಯುವವರೆಗೂ
ಹಿಡಿದುಕೊಂಡೇ ಇದ್ದೆ.

ಆಮೇಲೆ ಕೊಟ್ಟೆ. ಮಡಚಲು ಮರೆತಿದ್ದೆ.
ನಾನು ವಾಪಸು ಕೊಟ್ಟದ್ದು
ಬಹುಶಃ ಅದೇ ಮೊದಲನೆಯದು.

ಗುರುವಾರ ಆಸ್ಪತ್ರೆಗೆ ಒಂದು ಸೇರು ಮಂಡಕ್ಕಿ ಒಯ್ದೆ,
ನಲವತ್ತೆಂಟು ವರ್ಷ ತಡವಾಗಿ. ಉಪ್ಪು ಹಾಕಿಸಿರಲಿಲ್ಲ, ಡಾಕ್ಟರು ಬೇಡ ಅಂದಿದ್ದರು.
ಒಂದು ಹಿಡಿ ಬಾಯಿಗೆ ಹಾಕಿಕೊಂಡು
ಬಹಳ ಹೊತ್ತು ಅಗಿದ ಖಾದರಲಿಂಗ.
"ಸಪ್ಪಗೈತಿ" ಅಂದ.
ಇನ್ನೊಂದು ಹಿಡಿಗೆ ಕೈ ಚಾಚಿದ.