ತಲೆ ಎಣಿಕೆ

ಹತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು
ಓಡೀಲ್ ತಿಬೊಡೊ. ಸಂಜೆ ಎಂಜಿನ್ ಆರಿಸಿ
ಕೊನೆಯ ಸೀಟಿನವರೆಗೂ ನಡೆದು ನೋಡುತ್ತಿದ್ದಳು,
ಯಾವ ಕೂಸಾದರೂ ನಿದ್ದೆಹೋಗಿದ್ದರೆ?

ಆಮೇಲೆ ಅಗಸ್ಟಾದ ಶಾಸನಸಭೆ. ಹಿಂದಿನ ಸಾಲು, ಕಂಬದ ಮರೆ.
ಅವಳೂರ ಕಾಗದದ ಗಿರಣಿ ಮುಚ್ಚಿದ ವರ್ಷ
ಪಕ್ಷ ಹಸಿರು ಒತ್ತೆಂದಿತು, ಇವಳು ಕೆಂಪು ಒತ್ತಿದಳು.
ಎರಡು ಚಳಿಗಾಲ ಯಾರೂ ಜೊತೆಗೆ ಉಣ್ಣಲಿಲ್ಲ.
ಫ್ಲಾಸ್ಕಿನ ಸೂಪು ಒಬ್ಬಳೇ ಕುಡಿಯುತ್ತಿದ್ದಳು.
ಬಾಗಿಲು ಕಾಯುವವನು ನಾನು, ನನಗೆ ಕಾಣದ್ದೇನು.

ಈಗ ಅವಳೇ ನಾಯಕಿ.
ಬಜೆಟ್ಟಿಗೆ ಎಪ್ಪತ್ತಾರು ತಲೆ ಬೇಕು.
ಎಣಿಸಿದಳು: ಎಪ್ಪತ್ತೈದು. ಬೆರಳು ಮಡಚಿ ಮತ್ತೆ: ಎಪ್ಪತ್ತೈದು.
ವೆಂಡೆಲ್ ಎಂಬ ಹೊಸಬ, ಕಡಲಂಚಿನ ಬೆಸ್ತರ ಹುಡುಗ,
ಹೊರಗೆ ಹಿಮದಲ್ಲಿ ತನ್ನ ಪಿಕಪ್ಪಿನೊಳಗೆ,
ಗಾಜಿನ ತುಂಬ ಅವನ ಉಸಿರು.

ಕೋಟು ಹಾಕದೆ ಇಳಿದುಹೋದಳು. ಗಾಜು ತಟ್ಟಿದಳು.
ಏನೆಂದಳೋ. ಬಯ್ದಂತಿರಲಿಲ್ಲ.
ಒಬ್ಬಳೇ ಮರಳಿದಳು, ಬೈತಲೆಯಲ್ಲಿ ಹಿಮ.
"ಹತ್ತು ನಿಮಿಷ ಬಾಗಿಲು ಹಾಕಬೇಡ" ಎಂದಳು
ನನ್ನ ಮುಖ ನೋಡದೆ.

ಕಾಲು ಗಂಟೆ ತೆರೆದೇ ಇಟ್ಟೆ.
ಒಳಗೆ ಬಂದದ್ದು ಚಳಿ.
ಹೋಗುವಾಗ ಅವಳ ಕೈಲಿದ್ದ ಫ್ಲಾಸ್ಕು
ಬರುವಾಗ ಇರಲಿಲ್ಲ.