ಉಪ್ಪಿನ ರಸ್ತೆ

ಹೆಂಟೀಸ್ ಬೇ ದಾಟಿದ ಮೇಲೆ ಡಾಂಬರಿಲ್ಲ.
ಉಪ್ಪುನೀರು ಸುರಿದು ಗಟ್ಟಿ ಮಾಡಿದ ರಸ್ತೆ;
ಬಿಸಿಲಿಗೆ ಗಾರೆ, ಮಂಜಿಗೆ ಸಾಬೂನು
ಎಂದಿದ್ದ ಬೈಕು ಬಾಡಿಗೆಯ ಮುದುಕ ಡೀಡ್ರಿಕ್,
ಮುಂಗಡ ಎಣಿಸಿಕೊಳ್ಳುತ್ತಾ.
ನಾವು ಕೇಳಿಸಿಕೊಂಡದ್ದು ಗಾರೆ ಎಂಬಲ್ಲಿಯವರೆಗೆ.

ಮೂರು ಬೈಕು, ಮೂರು ಜನ:
ವಿಂಡ್‌ಹುಕ್‌ನ ಶಾಲೆಯಲ್ಲಿ ಲೆಕ್ಕ ಕಲಿಸುವ ನಾನು,
ನನ್ನ ತಮ್ಮ ತುಹಾಫೆನಿ,
ಅವನು ಹೋದಲ್ಲೆಲ್ಲ ಹೋಗುವ ಕವೆಟು.
ಕವೆಟು ಬೈಕು ಹತ್ತಿದರೆ
ಕತ್ತೆಮರಿಯ ಮೇಲೆ ಕಪಾಟು ಹೇರಿದ ಹಾಗೆ.

ಮೊದಲ ದಿನ ಟಯರಿನ ಗಾಳಿ ಅರ್ಧ ಇಳಿಸಿ
ಮರಳದಿಬ್ಬ ಹತ್ತಿದೆವು. ಹತ್ತಿದ್ದಕ್ಕಿಂತ ಜಾರಿದ್ದೇ ಹೆಚ್ಚು.
ಮಣ್ಣು ಮುಕ್ಕುವುದು ಎಂದರೇನೆಂದು
ನಾಲಿಗೆಗೇ ಗೊತ್ತಾಯಿತು: ಸ್ವಲ್ಪ ಉಪ್ಪು,
ನಡುನಡುವೆ ಚಿಪ್ಪಿನ ಚೂರು.
ಕವೆಟು ಮೂರು ಸಲ ಬಿದ್ದ. ನಾಲ್ಕನೆಯದು
ಬಿದ್ದದ್ದಲ್ಲ, ಮಲಗಿದ್ದು ಎಂದು ವಾದಿಸಿದ.
ನನ್ನ ಕ್ಲಚ್ಚಿನ ಹಿಡಿ ಮುರಿಯಿತು.
ದಂಡೆಯಲ್ಲಿ ಗಾಳ ಹಾಕಿ ಕೂತಿದ್ದ ಗಂಡಹೆಂಡತಿ
ನಮ್ಮನ್ನು ಮೇಲಿಂದ ಕೆಳಗೆ ನೋಡಿ
ಮಾತಿಲ್ಲದೆ ಒಂದು ಚಮಚ ಕೊಟ್ಟರು, ಒಂದು ಮಾರು ಮೀನುದಾರ.
ಉಳಿದ ರಜೆಯೆಲ್ಲ ನಾನು ಕ್ಲಚ್ಚು ಒತ್ತಿದ್ದು ಚಮಚದಲ್ಲಿ.

ಮರುದಿನ ಸಮುದ್ರ ದಂಡೆ ಹತ್ತಿ ಬಂದಿತ್ತು,
ನೀರಾಗಿ ಅಲ್ಲ, ಮಂಜಾಗಿ.
ಮುಂದಿನ ಬೈಕಿನ ಕೆಂಪು ದೀಪ ಒಂದು ದಾಳಿಂಬೆ ಕಾಳು.
ಎಡಕ್ಕೆ ಅಲೆಯ ಸದ್ದು, ಸೀಲುಗಳ ನಾತ;
ಕಣ್ಣು ತಪ್ಪಿದರೂ ಮೂಗು ದಾರಿ ತಪ್ಪುವಂತಿಲ್ಲ.
ಬಲಕ್ಕೆ ಕಲ್ಲುಹೂವಿನ ಬಯಲು,
ಅಂಚಿಗೆ ಸಾಲಾಗಿ ಸುಣ್ಣ ಬಳಿದ ಕಲ್ಲು:
ಇಲ್ಲಿಂದಾಚೆ ಗಾಲಿ ಇಳಿಸಬೇಡಿ.

ತುಹಾಫೆನಿ ಇಳಿಸಿದ.
ಸುತ್ತಿ ಯಾಕೆ ಅಕ್ಕಾ, ಅಡ್ಡ ಹಾಯ್ದರೆ ಎರಡೇ ನಿಮಿಷ
ಎಂದು ಅವನು ಕೂಗಿದ್ದು ಕೇಳಿಸಿತು,
ಆಮೇಲೆ ಎಂಜಿನ್ನು ಕೂಗಿದ್ದು,
ಆಮೇಲೆ ಏನೂ ಇಲ್ಲ.
ಅಡ್ಡದಾರಿ ಹಿಡಿಯಬೇಡ ಎಂದು ಅಮ್ಮ ಹೇಳುತ್ತಿದ್ದದ್ದು
ಬೇರೆ ಅರ್ಥದಲ್ಲಿ.

ಹೆಗಲ ಮೂಳೆ ಅಂಗಿಯೊಳಗೆ
ಗುಡಾರದ ಗೂಟದಂತೆ ಎದ್ದಿತ್ತು.
ಫೋನಿನಲ್ಲಿ ಒಂದು ಗೆರೆಯೂ ಇಲ್ಲ.
ನಡೆಸಿ ತಂದು ಕೂರಿಸಿದ್ದು ರಸ್ತೆಬದಿಯ ಉಪ್ಪಿನಂಗಡಿಯಲ್ಲಿ:
ತುಕ್ಕುಡ್ರಮ್ಮು ಎರಡು, ಅವುಗಳ ಮೇಲೊಂದು ಹಲಗೆ,
ಹಲಗೆಯ ಮೇಲೆ ಗುಲಾಬಿ ಬಣ್ಣದ ಹರಳು,
ಬೆಲೆ ಬರೆದ ರಟ್ಟು, ತೂತು ಕೊರೆದ ಡಬ್ಬಿ.
ಮಾರುವವರಿಲ್ಲ. ನಂಬಿಕೆಯೊಂದೇ ಕೂತಿತ್ತು ಅಲ್ಲಿ,
ಗಾಳಿಗೆ ಹಾರದಂತೆ ಮೈಮೇಲೆ ಕಲ್ಲಿಟ್ಟುಕೊಂಡು.
ತಮ್ಮ ನಡುಗುತ್ತಿದ್ದ.
ಹರಳುಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ
ಹಲಗೆ ಮುರಿದು ಬೆಂಕಿ ಹಾಕಿದೆವು.

ಹನ್ನೊಂದರ ಹೊತ್ತಿಗೆ ಹಳೆಯ ಪಿಕಪ್ಪಿನಲ್ಲಿ ಎಲ್ಫ್ರೀಡೆ ಬಂದಳು.
ಇಳಿದು, ಕೈ ಕಾಯಿಸಿಕೊಂಡು,
ನನ್ನ ಅಂಗಡಿ ಚೆನ್ನಾಗಿ ಉರಿಯುತ್ತಿದೆ ಎಂದಳು.
ತಲೆವಸ್ತ್ರ ಬಿಚ್ಚಿ ಅವನ ತೋಳು ಕಟ್ಟಿದಳು.
ಮಂಜು ಹರಿದಾಗ ಬಯಲಿನ ಕಡೆ ತಿರುಗಿ
ಬಹಳ ಹೊತ್ತು ಸುಮ್ಮನಿದ್ದಳು.
ಇದು ಇವತ್ತಿನದು.
ಅಗೋ, ಅದು ನಾನು ಹುಟ್ಟುವ ಮುಂಚಿನದು. ಯಾರದೋ ಲಾರಿ.
ಯಾರೆಂದು ಗೊತ್ತಿಲ್ಲ,
ಅವಸರದಲ್ಲಿದ್ದ ಎಂಬುದು ಗೊತ್ತು.

ಬಾಟಲಿಯ ಮುಚ್ಚಳದಲ್ಲಿ ನೀರು ತುಂಬಿ
ಒಂದು ಕಲ್ಲಿನ ಮೇಲೆ ಹನಿಸಿದಳು.
ಸುಟ್ಟ ಕಾಗದದಂತಿದ್ದದ್ದು
ಮುದುಡು ಬಿಚ್ಚಿ, ಅಂಚೆತ್ತಿ, ನೋಡನೋಡುತ್ತ ಹಸಿರಾಯಿತು.
ಗಾಲಿ ಹಾದ ಕಡೆಯೂ ಹನಿಸಿದಳು.
ನೀರು ಇಂಗಿತು, ಅಷ್ಟೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ;
ತಮ್ಮ ಆ ಬಾಟಲಿಯನ್ನು ಮುಟ್ಟಲಿಲ್ಲ.

ಮೂಳೆ ಆರು ವಾರದಲ್ಲಿ ಕೂಡಿತು.
ಮದುವೆಮನೆಗಳಲ್ಲಿ ಈಗಲೂ ಕಥೆ ಹೇಳುತ್ತಾನೆ:
ಆವತ್ತು ಮೂವತ್ತಿದ್ದ ವೇಗ ಈಗ ತೊಂಬತ್ತಕ್ಕೆ ಬಂದಿದೆ,
ಕವೆಟು ಪಕ್ಕದಲ್ಲಿ ತಲೆಯಾಡಿಸಿ ನೂರು ಎನ್ನುತ್ತಾನೆ.
ಗೆರೆಯ ಮಾತು ಇಬ್ಬರೂ ಎತ್ತುವುದಿಲ್ಲ.
ಹಲಗೆಗೆಂದು, ಹರಳಿಗೆಂದು ಡಬ್ಬಿಗೆ ಹಾಕಿದ ದುಡ್ಡನ್ನು
ನಾನು ಎಷ್ಟೋ ರಾತ್ರಿ ಮತ್ತೆ ಕೂಡಿದ್ದೇನೆ.
ಲೆಕ್ಕ ಕಲಿಸುವವಳು, ಆದರೂ.

ಡೀಡ್ರಿಕ್ ಮುಂಗಡ ಹಿಂದಿರುಗಿಸಲಿಲ್ಲ,
ಚಮಚ ಮಾತ್ರ ಬಿಚ್ಚಿಕೊಟ್ಟ.
ಅದಿನ್ನೂ ಅಡುಗೆಮನೆಯಲ್ಲಿದೆ, ತುಸು ಬಾಗಿ.
ಸಾರು ಕಲಕುವಾಗ
ಎಡಗೈಯ ಬೆರಳು ತಾವಾಗಿ ಮಡಚಿಕೊಳ್ಳುತ್ತವೆ.